ಹಾದೆವ್ವನ ಪ್ರಸಾದ

ಪುರಾಣ ಓದುವವರಿಗೆ ಗಂಟಲು ಎಷ್ಟು ಬೇಕೋ, ಎದುರಿಗೆ ಕೂತು ‘ಹೂಂ’ ಅನ್ನುವವನೂ ಅಷ್ಟೇ ಬೇಕು. ಪದ್ಯ ಹಾಡಿ, ಅರ್ಥ ಹೇಳಿ, ಓದುವವರು ಉಸಿರು ತೆಗೆದುಕೊಳ್ಳುವ ಸಂದಿಯೊಳಗೆ ಆ ಹೂಂ ಬೀಳಬೇಕು. ಮೊದಲೇ ಬಿದ್ದರೆ ಅವಸರ ಮಾಡಿದಂತೆ, ತಡವಾದರೆ ತೂಕಡಿಸಿದಂತೆ. ನಿಜಲಿಂಗಪ್ಪ ಈ ಕೆಲಸದಲ್ಲಿ ಪಳಗಿದ ಮನುಷ್ಯ. ಅಫಜಲಪುರದ ಕಡೆಯ ತನ್ನ ಹಳ್ಳಿಯಲ್ಲಿ, ಅಪ್ಪನ ತೊಡೆಯ ಮೇಲೆ ಕೂತು ಕಲಿತ ವಿದ್ಯೆ ಅದು. ಪುಣೆಗೆ ಬಂದು ಕೂದಲು ನರೆತರೂ ಶ್ರಾವಣ ಸೋಮವಾರ ಬಂತೆಂದರೆ ಸ್ನಾನ ಮಾಡಿ, ವಿಭೂತಿ ಧರಿಸಿ, ಕಂಬಕ್ಕೆ ಒರಗದೆ ನೆಟ್ಟಗೆ ಕೂತುಬಿಡುತ್ತಿದ್ದ. ಉಳಿದ ಹೊತ್ತಿನಲ್ಲಿ ಅವನ ಬಾಯಿಂದ ಮಾತು ಹೊರಡುವುದೇ ಅಪರೂಪ.

“ನಮ್ಮ ತಮ್ಮಗ ಕಿವಿ ಮಾಡೂದ್ರಾಗ ದೇವರಿಗೆ ಹೊತ್ತು ಮುಳುಗಿತ್ತು. ಬಾಯಿ ಅರ್ಧಾಕ್ಕ ಬಿಟ್ಟು ಮನಿಗೆ ಹೋಗ್ಯಾನ” ಎಂದು ಅಕ್ಕ ಗೌರಾಬಾಯಿ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಅದಕ್ಕೂ ಅವನು ಹೂಂ ಅನ್ನುತ್ತಿದ್ದ.

ಗೌರಾಬಾಯಿಯದು ಖಾನಾವಳಿ. ಹಡಪಸರ ದಾಟಿ ಸೋಲಾಪುರದ ಕಡೆ ಹೊರಟರೆ ಅಡ್ಡ ಬರುವ ಹೊಳೆಯ ದಂಡೆಯ ಮೇಲೆ ತಗಡಿನ ಮಾಡು, ಉದ್ದನೆಯ ಬೆಂಚು, ಹಿಂದೆ ಹೊಗೆಯಾಡುವ ಒಲೆ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ. ಶಹಾಬಾದಿನಿಂದ ಫರಶಿ ಕಲ್ಲು ಹೇರಿಕೊಂಡು ಬರುವ ಲಾರಿಗಳವರೆಲ್ಲ ಅಲ್ಲೇ ಉಣ್ಣುವವರು. ಆಗ ಪುಣೆಯ ಸುತ್ತ ಹೊಸ ಹೊಸ ಸೊಸಾಯಿಟಿಗಳು ಏಳುತ್ತಿದ್ದವು, ಮನೆ ಯಾವುದಾದರೂ ನೆಲಕ್ಕೆ ಶಹಾಬಾದಿನ ಕಲ್ಲೇ. “ಪುಣೇದ ಮಂದಿ ಮುಂಜಾನೆ ಎದ್ದು ಮೊದಲ ಕಾಲಿಡೂದು ನಮ್ಮ ನಾಡಿನ ಮ್ಯಾಲ” ಎಂದು ಡ್ರೈವರ್ ಅಂಬಣ್ಣ ರೊಟ್ಟಿ ಮುರಿಯುತ್ತಾ ಹೆಮ್ಮೆಪಡುತ್ತಿದ್ದ.

ಮೊದಲು ಹೊಳೆ ದಾಟಲು ಇದ್ದದ್ದು ಫರಶಿ ಪೂಲು ಒಂದೇ. ನೀರಿನ ಮೈಗೆ ಅಂಟಿಕೊಂಡಂತೆ ಕಲ್ಲು ಹಾಸಿ ಕಟ್ಟಿದ ಗಿಡ್ಡ ಸೇತುವೆ ಅದು. ರಸ್ತೆ ಈಚೆ ದಂಡೆಯಿಂದ ಇಳಿದು, ಪೂಲು ದಾಟಿ, ಆಚೆ ದಂಡೆ ಏರಬೇಕು. ಮಳೆಗಾಲದಲ್ಲಿ ಆಗಾಗ ನೀರು ಮೇಲೆ ಹರಿಯುವುದು, ಲಾರಿಗಳು ನಿಲ್ಲುವುದು, ನಿಂತವರು ಎರಡೆರಡು ಸಲ ಉಣ್ಣುವುದು, ಇವೆಲ್ಲ ನಡೆದೇ ಇದ್ದವು. ಎಮರ್ಜೆನ್ಸಿ ಮುಗಿದ ಮರುವರ್ಷ, ಅಲ್ಲಿಂದ ಕೂಗಳತೆಯಲ್ಲಿ ಎತ್ತರದ ಹೊಸ ಸೇತುವೆ ಎದ್ದಿತು. ಅದರ ತುದಿಗೆ ಅಡ್ಡಗೋಲು, ಹಳದಿ ಬಣ್ಣದ ಗೂಡು. ಟೋಲು ಕೊಟ್ಟರೆ ಗೋಲು ಏಳುತ್ತದೆ. ಈ ಟೋಲು ನಾಕಾ ಹಿಡಿದ ಗುತ್ತಿಗೆದಾರನಿಗೆ ಒಬ್ಬ ನಂಬಿಗಸ್ತ ಕಾರಕೂನ ಬೇಕಾಗಿತ್ತು. ಬೆಲ್ಲದ ಅಡತಿ ಅಂಗಡಿಯಲ್ಲಿ ಲೆಕ್ಕದ ಪಟ್ಟಿ ಬರೆಯುತ್ತಿದ್ದ ನಿಜಲಿಂಗಪ್ಪ ಆ ಗೂಡಿನೊಳಗೆ ಬಂದು ಕೂತ.

ಹೀಗೆ ಅಕ್ಕ ಪುಕ್ಕಟೆ ಹಾದಿಯ ಮೇಲೆ, ತಮ್ಮ ಟೋಲಿನ ಹಾದಿಯ ಮೇಲೆ. ಹಗಲೆಲ್ಲ ಸೇತುವೆಯ ಮೇಲೆ ಟೋಲಿನ ಪಾವತಿ ಚೀಟಿ ಹರಿದು ಕೊಟ್ಟು, ಸಂಜೆ ಕೆಳಗಿಳಿದು ಅಕ್ಕನ ರೊಟ್ಟಿ ಉಂಡು, ಅವಳ ಪಡಸಾಲೆಯಲ್ಲೇ ಮಲಗುವನು.

ಹೊಸ ಸೇತುವೆಗೆ ಉಪಚಾರ ಭಾಳ. ಅಂಚಿನ ಕಲ್ಲಿಗೆ ಸುಣ್ಣ, ಮಳೆಗೆ ಮುಂಚೆ ಡಾಂಬರು, ಸಂಜೆಯಾದರೆ ದೀಪ. ಟೋಲಿನಲ್ಲಿ ಒಂದು ಪಾಲು ಅದರ ಮೈಗೇ ಹಾಕಬೇಕೆಂದು ಕರಾರಿತ್ತು. ಕೆಳಗಿನ ಹಾದಿಯನ್ನು ಮಾತ್ರ ಕೇಳುವವರಿಲ್ಲ. ಮೊದಲು ಅದನ್ನು ನೋಡಿಕೊಳ್ಳುತ್ತಿದ್ದದ್ದು ಜಟ್ಟೆಪ್ಪನ ಗ್ಯಾಂಗು. ಯಾದಗಿರಿಯ ಕಡೆಯವರು. ಖಾನಾವಳಿಯ ಹಿಂದೆ ಗುಡಿಸಲು ಹಾಕಿಕೊಂಡು, ಗರಸು ಮಣ್ಣು ಹಾಕಿ, ಖಡಿ ಜಲ್ಲಿ ಹರಡಿ, ದಮ್ಮಸಿನ ಕೊರಡಿನಿಂದ ಬಡಿದು ಹಾದಿಯನ್ನು ಅಂಗಳದಂತೆ ಇಟ್ಟಿದ್ದರು. ಸೇತುವೆ ಆದ ಮೇಲೆ ಸಾಹೇಬರು ಬಂದು “ಇನ್ನು ಈ ರಸ್ತೆಗೆ ಗ್ಯಾಂಗ್ ಇಲ್ಲ” ಅಂದುಹೋದರು. ಗುಡಿಸಲು ಅಲ್ಲೇ ಉಳಿದವು, ಗಂಡಸರು ಹೆಂಗಸರು ಹಡಪಸರದ ಕಟ್ಟಡಗಳಿಗೆ ಗಾರೆ ಮೆತ್ತುವ ಗಿಲಾವು ಕೆಲಸಕ್ಕೆ ಹೋಗತೊಡಗಿದರು. ಹಾದಿ ದಿನೇ ದಿನೇ ಬಾಯಿ ತೆರೆಯಿತು. ಹಾಲಿನ ಸೈಕಲ್ಲಿನವರು, ಎತ್ತಿನ ಗಾಡಿಯವರು ತಗ್ಗು ತಪ್ಪಿಸಿ ಹೇಗೋ ದಾಟುತ್ತಿದ್ದರು. ಲಾರಿಗಳು ತಗ್ಗಿಗಿಳಿದಾಗ ಕೇಳುವ ಸದ್ದು ಮಾತ್ರ, ರೊಟ್ಟಿ ಬಡಿಯುತ್ತಿದ್ದ ಗೌರಾಬಾಯಿಯ ಕೈಯನ್ನು ಪ್ರತಿಸಲವೂ ನಿಲ್ಲಿಸುತ್ತಿತ್ತು.

ಇಷ್ಟಾದರೂ ಅಲ್ಲಿ ಕಲ್ಲಿಗೇನೂ ಬರವಿರಲಿಲ್ಲ. ಹಾಗೆ ನೋಡಿದರೆ ಕಲ್ಲಿನ ಗುಡ್ಡವೇ ಇತ್ತು.

ಅದು ಹಾದೆವ್ವನ ಗುಡ್ಡ. ಜಟ್ಟೆಪ್ಪನ ಗ್ಯಾಂಗಿನವರು ಕೆಲಸಕ್ಕೆ ಮೊದಲು ಕುದ್ದಲಿ ಹಾಕಿದ ದಿನ, ತಮ್ಮ ಪದ್ಧತಿಯಂತೆ ಹಾದಿಯ ಬದಿಗೆ ಒಂದು ಕಲ್ಲು ನಿಲ್ಲಿಸಿ, ಕುಂಕುಮ ಹಚ್ಚಿ, ಕಾಯಿ ಒಡೆದಿದ್ದರು. ಕೆಲಸ ಸುಸೂತ್ರ ಆಗಲೆಂದು ಮಾಡಿದ್ದು, ಅಷ್ಟೇ. ಆದರೆ ಶಹಾಬಾದಿನ ಡ್ರೈವರುಗಳು ಕುಂಕುಮದ ಕಲ್ಲು ಕಂಡವರೇ ಲಾರಿ ನಿಲ್ಲಿಸಿದರು. ಊರಿನ ಕಡೆ ಹಾದಿಯ ದೇವಿಯ ಮುಂದೆ ಹಾಯುವಾಗ ಒಂದು ಕಲ್ಲು ಹಾಕಿ ಮುಂದೆ ಹೋಗುವ ರೂಢಿ. ಇಲ್ಲೂ ಆ ತಾಯಿ ಬಂದಿದ್ದಾಳೆಂದು ತಿಳಿದು, ಹೇರಿನೊಳಗೆ ಒಡೆದಿದ್ದ ಫರಶಿಯ ಚೂರು ತಂದು ಹಾಕಿದರು. ಒಬ್ಬರನ್ನು ನೋಡಿ ಇನ್ನೊಬ್ಬರು. ಯಾರೋ ಹಾದೆವ್ವ ಎಂದು ಹೆಸರೂ ಕೊಟ್ಟರು. ವರ್ಷ ತುಂಬುವುದರೊಳಗೆ ರಾಶಿ ಆಳೆತ್ತರ ಬೆಳೆಯಿತು.

“ಅದು ನಮ್ಮ ಕೆಲಸದ ಕಲ್ಲೋ ಮಾರಾಯಾ, ಎಲ್ಲಿ ಹಾದೆವ್ವ?” ಎಂದು ಜಟ್ಟೆಪ್ಪ ಮೊದಮೊದಲು ಹೇಳಿ ನೋಡಿದ್ದ. ಹೆಂಡತಿ ಸಾಬವ್ವ ಅವನ ಬಾಯಿ ಮುಚ್ಚಿಸಿದಳು. “ಕುಂಕುಮ ಹಚ್ಚಿದವ ನೀನ. ಹಚ್ಚಿದ ಮ್ಯಾಲ ಕಲ್ಲು ಅನಬ್ಯಾಡ.” ಅವಳಿಗೆ ಅನುಭವವೂ ಆಗಿತ್ತು. ಒಮ್ಮೆ ರಾಶಿಯಿಂದ ಒಲೆಗುಂಡಿಗೆಂದು ಕಲ್ಲು ತಂದಿದ್ದಳು, ಅವತ್ತೇ ಗಾಳಿಗೆ ಗುಡಿಸಲಿನ ತಗಡು ಹಾರಿ ಹೊಳೆಗೆ ಬಿತ್ತು. ತಗಡಿಗೆ ಕಟ್ಟಿದ್ದ ಹಗ್ಗ ಕೊಳೆತಿತ್ತೆಂದು ಜಟ್ಟೆಪ್ಪ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಾಬವ್ವ ಕಲ್ಲು ಮರಳಿ ಇಟ್ಟು, ಕೆನ್ನೆ ಕೆನ್ನೆ ಬಡಿದುಕೊಂಡು ಬಂದಳು. ಅಂದಿನಿಂದ ರಾಶಿಗೆ ಯಾರೂ ಕೈ ಹಚ್ಚಲಿಲ್ಲ. ಈ ಬದಿಗೆ ಕಲ್ಲಿನ ಗುಡ್ಡ, ಆ ಬದಿಗೆ ಮೊಣಕಾಲುದ್ದ ತಗ್ಗು, ನಡುವೆ ಲಾರಿಗಳ ನರಳಾಟ.

ಆ ಶ್ರಾವಣದ ಮೊದಲ ಸೋಮವಾರ, ಅಂಬಣ್ಣ ಮೋರೆ ಇಳಿಬಿಟ್ಟುಕೊಂಡು ಬಂದು ಬೆಂಚಿನ ಮೇಲೆ ಕೂತ.

“ಗೌರವ್ವಾ, ಒಂದು ರೊಟ್ಟಿ ಹೆಚ್ಚಿಗಿ ಹಾಕು. ಇನ್ನ ಈ ಋಣ ಮುಗೀತು ಅಂತ ಕಾಣ್ತದ.”

“ಯಾಕೋ, ಎಲ್ಲಿಗೆ ಹೊಂಟಿ? ಕಾಶಿಗೇನು?”

“ಸೇತುವಿಗೆ. ಇವತ್ತ ಮತ್ತ ಸ್ಪ್ರಿಂಗಿನ ಪಾಟಾ ಮುರೀತು. ಮಾಲಕ ಹೇಳ್ಯಾನ, ಹುಣ್ಣಿವಿ ಆದ ಮ್ಯಾಲ ಯಾವ ಗಾಡಿನೂ ಕೆಳಗ ಇಳೀಬಾರದು ಅಂತ. ನಮ್ಮ ಮಾಲಕ ಒಬ್ಬನ ಅಲ್ಲ, ಎಲ್ಲಾರೂ ಅದನ್ನ ಅನ್ಲಿಕ್ಕತ್ತಾರ.”

“ಟೋಲಿನ ರೊಕ್ಕ ಕೊಡ್ತಾನೇನು?”

“ನನ್ನ ಊಟದ ಭತ್ತೆದಾಗ ಮುರೀತಾನಂತ.” ಅಂಬಣ್ಣ ಹಿಂಡಿಯನ್ನು ಬೆರಳಲ್ಲಿ ತೀಡಿದ. “ಮ್ಯಾಲ ಹೋದ್ರ ಊಟ ಇಲ್ಲ, ಕೆಳಗ ಬಂದ್ರ ಗಾಡಿ ಇಲ್ಲ. ನೀನ ಹೇಳು, ಏನ್ ಮಾಡ್ಲಿ?”

ಗೌರಾಬಾಯಿ ಇನ್ನೊಂದು ರೊಟ್ಟಿ ಹಾಕಿದಳು. ಸೇತುವೆಯ ಮೇಲೆ ಹೋದ ಲಾರಿ ಇಲ್ಲಿಗೆ ಇಳಿದು ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ದೇಹೂ ರೋಡಿನಲ್ಲಿ ಮಿಲಿಟರಿ ಡಿಪೋದ ಹೊರಗೆ ಗಾಡಿ ಹಚ್ಚಿ ಚಹಾ ಮಾರು ಎಂದು ಪರಿಚಯದವರು ಹೇಳಿದ್ದರು. ಅಲ್ಲಿ ಜೋಳದ ರೊಟ್ಟಿ ಕೇಳುವವರು ಯಾರು? ಶ್ರಾವಣ ಸೋಮವಾರ ಚಾಪೆ ಹಾಸುವುದಕ್ಕೆ ಜಾಗವೆಲ್ಲಿ? ಡ್ಯೂಟಿ ಮುಗಿಸಿ ಬಂದು ಮೂಲೆಯಲ್ಲಿ ಕೈಕಾಲು ತೊಳೆಯುತ್ತಿದ್ದ ನಿಜಲಿಂಗಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಅಕ್ಕ ಅತ್ತಿದ್ದರೆ ಅವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅವಳು ಅಂಬಣ್ಣನ ತಟ್ಟೆಗೆ ಕೇಳದೆಯೇ ತುಪ್ಪ ಬಿಟ್ಟಳು, ಊರಿಗೆ ಹೊರಟವರಿಗೆ ಬಿಡುವ ಹಾಗೆ.

ದೀಪ ಹಚ್ಚುವ ಹೊತ್ತಿಗೆ ಸಿದ್ರಾಮಪ್ಪನವರು ಸ್ವಾರಗೇಟಿನಿಂದ ಬಸ್ಸು ಹಿಡಿದು ಬಂದರು. ಫರಶಿ ಮಾರುವ ವಖಾರಿಯೊಂದರಲ್ಲಿ ಲೆಕ್ಕ ಬರೆಯುವ ದಿವಾಣಜಿ, ಕಂಚಿನ ಕಂಠ. ಪುರಾಣದ ಪುಸ್ತಕ ಹಳದಿ ವಸ್ತ್ರದಲ್ಲಿ ಸುತ್ತಿ ಎದೆಗೆ ಅವಚಿ ಹಿಡಿದೇ ಬರುತ್ತಿದ್ದರು. ಬಸ್ಸಿನಲ್ಲಿ ಜಾಗ ಸಿಗದೆ ನಿಂತರೂ ಅದನ್ನು ಕೆಳಗಿಡುವವರಲ್ಲ. ಬೆಂಚು ಸರಿಸಿ, ಚಾಪೆ ಹಾಸಿ, ವ್ಯಾಸಪೀಠಕ್ಕೆ ಹೂವಿಟ್ಟು ಎಲ್ಲರೂ ಕೂತರು. ಗ್ಯಾಂಗಿನ ಗಂಡಸರು ಒಂದು ಬದಿ, ಹೆಂಗಸರು ಒಂದು ಬದಿ. ಅಂಬಣ್ಣನೂ ಉಳಿದ. ಅವತ್ತಿನ ಸಂಧಿಯಲ್ಲಿ ಶರಣನೊಬ್ಬ ಕೆರೆ ಕಟ್ಟುವ ಕಥೆ. ಹಾದುಹೋಗುವವರೆಲ್ಲ ಒಂದೊಂದು ಬುಟ್ಟಿ ಮಣ್ಣು ಹೊತ್ತು ಏರಿ ಎದ್ದದ್ದು, ನೀರು ನಿಂತದ್ದು, ಹಕ್ಕಿ ಬಂದದ್ದು. ಸಿದ್ರಾಮಪ್ಪನವರ ದನಿ ಮೇಲೇರಿ ಇಳಿಯುವಲ್ಲೆಲ್ಲ ನಿಜಲಿಂಗಪ್ಪನ ಹೂಂ ಕೈ ಕೊಟ್ಟು ಇಳಿಸಿಕೊಳ್ಳುತ್ತಿತ್ತು.

ಸಂಧಿ ಮುಗಿದು ಆರತಿಗೆ ಏಳಬೇಕು, ಅಷ್ಟರಲ್ಲಿ ಗೌರಾಬಾಯಿ ಸೆರಗು ಸರಿಮಾಡಿಕೊಂಡು ಕೇಳಿದಳು. “ಅಪ್ಪಾರ, ಒಂದು ಮಾತು. ಹಾದೆವ್ವನ ಕಲ್ಲು ತಗೊಂಡು ಹಾದಿ ತಗ್ಗಿಗೆ ಹಾಕಬಹುದೇನ್ರಿ?”

ಚಾಪೆಯ ಮೇಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಸಾಬವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು.

ಸಿದ್ರಾಮಪ್ಪನವರು ಪುಸ್ತಕ ಮುಚ್ಚಿ ಕಣ್ಣಿಗೊತ್ತಿಕೊಂಡರು. “ತಾಯೀ, ನಿನ್ನ ಸಂಕಟ ನನಗ ತಿಳೀತದ. ಆದ್ರ ದೇವರಿಗೆ ಏರಿಸಿದ್ದು ದೇವರದು. ಅದನ್ನ ತಗೊಂಡು ಲಾರಿ ಗಾಲಿ ಕೆಳಗ ಹಾಕೂದಂದ್ರ ಅಪಚಾರ. ಹಿಂಗ ಅದ ಶಾಸ್ತ್ರ.”

ಹೇಳಿ, ರೂಢಿಯಂತೆ ಉಸಿರು ತೆಗೆದುಕೊಂಡು ಕಾದರು.

ಹೂಂ ನಿಜಲಿಂಗಪ್ಪನ ಗಂಟಲಿಗೆ ಬಂದಿತ್ತು. ಇಷ್ಟು ವರ್ಷ ತಾನಾಗಿ ಬಂದದ್ದು, ಇವತ್ತೂ ಬಂತು. ಅದೊಂದು ಹೊರಬಿದ್ದರೆ ಮಾತು ಮುಗಿಯಿತು, ಎಲ್ಲರೂ ಆರತಿಗೆ ಏಳುತ್ತಾರೆ. ಹುಣ್ಣಿಮೆಯ ಮೇಲೆ ಲಾರಿಗಳೆಲ್ಲ ತನ್ನ ಗೂಡಿನ ಮುಂದೆಯೇ ಸಾಲುಗಟ್ಟುತ್ತವೆ, ತನ್ನ ನೌಕರಿಗೆ ಇನ್ನಷ್ಟು ಗಟ್ಟಿ. ಹೂಂ ಅನ್ನದಿದ್ದರೆ ಗುತ್ತಿಗೆದಾರನ ಉಪ್ಪು ಉಂಡು ಅವನಿಗೇ ಎರಡು ಬಗೆದಂತೆ. ಕಂಬದ ಆಚೆ, ಮಬ್ಬಿನಲ್ಲಿ ಕಲ್ಲಿನ ರಾಶಿ ಮಳೆಗೆ ತೋಯ್ದು ಹೊಳೆಯುತ್ತಿತ್ತು. ಅದನ್ನೇ ನೋಡುತ್ತಾ ಅವನಿಗೆ ಅಪ್ಪ ಕಾಯಿ ಒಡೆಯುತ್ತಿದ್ದ ಬಗೆ ಕಣ್ಣಿಗೆ ಕಟ್ಟಿತು. ಗಂಟಲಿಗೆ ಬಂದದ್ದನ್ನು ಅವನು ಮೆಲ್ಲಗೆ ನುಂಗಿದ.

ಮಾಡಿನ ಅಂಚಿನಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. ಎಲ್ಲರೂ ನಿಜಲಿಂಗಪ್ಪನ ಮೋರೆ ನೋಡಿದರು.

“ನಿಜಲಿಂಗಪ್ಪಾ, ನಿದ್ದಿ ಹತ್ತಿತೇನು?” ಎಂದರು ಸಿದ್ರಾಮಪ್ಪನವರು.

“ಇಲ್ರಿ. ಎಚ್ಚರ ಇದ್ದೀನ್ರಿ.”

“ಮತ್ತ ಹೂಂ ಎಲ್ಲಿ?”

“ಬರವಲ್ದ್ರಿ.”

ಅಂಬಣ್ಣ ಫಕ್ಕನೆ ನಕ್ಕು, ಜಟ್ಟೆಪ್ಪನ ಮೊಣಕೈ ತಿವಿತಕ್ಕೆ ಸುಮ್ಮನಾದ. ಸಿದ್ರಾಮಪ್ಪನವರ ಹುಬ್ಬು ಮೇಲೇರಿತು. “ಬರವಲ್ದಂದ್ರ? ಒಳಗ ಏನರ ಇರಬೇಕಲ್ಲ. ಹೇಳು.”

ನಿಜಲಿಂಗಪ್ಪ ಅಂಗೈ ನೋಡಿಕೊಂಡ. ಇಷ್ಟು ಮಂದಿಯ ಮುಂದೆ ಮಾತಾಡಿ ಅಭ್ಯಾಸವಿರಲಿಲ್ಲ. “ತಪ್ಪಿದ್ರ ಬೈರಿ. ನಾವು ದೇವರಿಗೆ ಕಾಯಿ ಏರಸ್ತೀವಿ. ಒಡದು ಒಂದು ಹೋಳು ದೇವರ ಮುಂದ ಇಡ್ತೀವಿ, ಉಳಿದದ್ದು ಪ್ರಸಾದ ಅಂತ ಹಂಚ್ತೀವಿ. ಹಂಚಲಾರ್ದ ಹಂಗ ಇಟ್ರ ಆ ಕಾಯಿ ಕೊಳೀತದ. ಏರಿಸಿದ್ದು ಎಂದರ ಒಂದು ದಿನ ಪ್ರಸಾದ ಆಗಬೇಕಲ್ರಿ.” ರಾಶಿಯ ಕಡೆ ಕೈ ಮಾಡಿದ. “ಕಲ್ಲಿನ ಪ್ರಸಾದ ಮನಷ್ಯಾರಿಗೆ ತಿನ್ನಾಕ ಬರೂದಿಲ್ಲ. ತಿನ್ನೂದು ಹಾದಿನ. ಆ ತಾಯಿ ಹೆಸರು ಹಾದೆವ್ವ. ಆಕಿ ಹಾದಿ ಹಸಗೊಂಡು ಬಾಯಿ ತೆರದು ಮಲಗ್ಯದ, ನಾವು ಬದಿಗೆ ರಾಶಿ ಹಾಕ್ಕೋತ ಹೊಂಟೀವಿ. ಶಾಸ್ತ್ರ ನಿಮಗ ಗೊತ್ತು. ನನಗ ಹೂಂ ಬರಲಿಲ್ಲ, ಅಷ್ಟರೀ.”

ಅಷ್ಟು ಹೇಳುವುದರಲ್ಲಿ ಅವನ ಕಿವಿಯ ತುದಿ ಕೆಂಪಾಗಿತ್ತು. ಸಿದ್ರಾಮಪ್ಪನವರು ಹಳದಿ ವಸ್ತ್ರವನ್ನು ಒಂದು ಮಡಿಕೆ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಅರ್ಧ ಗಳಿಗೆ ಮುಂಚೆ ತಾವೇ ಓದಿದ ಕೆರೆಯ ಏರಿ ಅವರಿಗೂ ನೆನಪಾಗಿರಬೇಕು. ಕೊನೆಗೆ ತಲೆಯೆತ್ತಿ, ಎಂದೂ ತಾವು ಅನ್ನಬೇಕಾಗಿ ಬಾರದಿದ್ದ ಮಾತೊಂದನ್ನು ಅಂದರು.

“ಹೂಂ.”

ಚಾಪೆಯ ತುಂಬ ನಗೆ ಹರಿಯಿತು. “ಅಪ್ಪಾರು ಹೂಂ ಅಂದ್ರು! ಬರೋಬ್ಬರಿ ಸಂದ್ಯಾಗ ಬಿತ್ತು ನೋಡ್ರಿ” ಎಂದು ಜಟ್ಟೆಪ್ಪ ಚಪ್ಪಾಳೆ ತಟ್ಟಿದ.

“ಆದ್ರ ಒಂದು” ಎಂದು ಸಿದ್ರಾಮಪ್ಪನವರು ಬೆರಳೆತ್ತಿದರು. “ನಿಲ್ಲಿಸಿದ ಕಲ್ಲು ಅಲ್ಲೇ ಇರಬೇಕು, ಆಕಿ ಸುತ್ತ ಒಂದು ಬುಟ್ಟಿ ಕಲ್ಲು ಬಿಡಬೇಕು. ಮತ್ತ ಮೊದಲ ಕಲ್ಲು ಎತ್ತೋರು ಕೈ ಮುಗದು ಎತ್ತಬೇಕು.”

“ಯಾರು ಎತ್ತತೀರಿ?” ಎಂದ ಜಟ್ಟೆಪ್ಪ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಆರತಿಗೆ ಎದ್ದರು.

ಮರುದಿನ ಬೆಳಿಗ್ಗೆ ಮಳೆ ಹೊಳವು ಕೊಟ್ಟಿತ್ತು. ನಿಜಲಿಂಗಪ್ಪ ಎದ್ದು ಹೊರಗೆ ಬಂದರೆ ಗ್ಯಾಂಗಿನವರೆಲ್ಲ ದೂರ ನಿಂತಿದ್ದರು, ರಾಶಿಯ ಮುಂದೆ ಸಾಬವ್ವ. ತಲೆ ಮೇಲೆ ಸಿಂಬಿ, ಕಂಕುಳಲ್ಲಿ ಖಾಲಿ ಬುಟ್ಟಿ.

“ಯವ್ವಾ, ಮೊದಲು ಒಲಿಗೆ ಅಂತ ಒಯ್ದಿದ್ದೆ, ಅದು ನನ್ನ ಹೊಟ್ಟಿಗೆ. ಈಗ ನಿನ್ನ ಹೊಟ್ಟಿಗೆ ಒಯ್ಯಲಿಕ್ಕತ್ತೀನಿ. ತಗಡು ಈ ಸಲ ತಂತಿ ಹಾಕಿ ಕಟ್ಟೀನಿ, ಅದನ್ನೂ ನೋಡ್ಕೋ” ಎಂದು ಹೇಳಿ, ಕೈಮುಗಿದು, ಕಲ್ಲೆತ್ತಿ ಬುಟ್ಟಿಗೆ ಹಾಕಿದಳು. ಎಲ್ಲರೂ ಅವಳ ಗುಡಿಸಲಿನ ಕಡೆ ನೋಡಿದರು. ತಗಡು ಕದಲಲಿಲ್ಲ. ಆಮೇಲೆ ಬುಟ್ಟಿಗಳು ಓಡಾಡತೊಡಗಿದವು. ಗ್ಯಾಂಗಿನವರು ಅವತ್ತು ಗಿಲಾವು ಕೆಲಸಕ್ಕೆ ಹೋಗಲಿಲ್ಲ. ತಗ್ಗಿನ ನೀರು ಬದಿಗೆ ಹರಿಯಬಿಟ್ಟು, ದೊಡ್ಡ ಚೂರುಗಳನ್ನು ಕೆಳಗೆ ಅಡಕಿ, ಸಣ್ಣವನ್ನು ಸುತ್ತಿಗೆಯಿಂದ ಒಡೆದು ಮೇಲೆ ತುಂಬಿದರು. ದಮ್ಮಸು ಎತ್ತಿ ಬಡಿಯುವಾಗ ಜಟ್ಟೆಪ್ಪ ಪದ ಎತ್ತಿಕೊಟ್ಟ, ಹೆಂಗಸರು ಹಿಮ್ಮೇಳ ಹಿಡಿದರು. ಅಂಬಣ್ಣ ಲಾರಿಯ ಕೆಳಗೆ ಮಲಗಿ ಪಾಟಾ ಕಟ್ಟುತ್ತಲೇ ಸೊಲ್ಲು ಸೇರಿಸಿದ. ಗೌರಾಬಾಯಿ ದೊಡ್ಡ ಪಾತ್ರೆಯಲ್ಲಿ ನುಚ್ಚು ಇಟ್ಟಳು. ಅವತ್ತು ಅವಳು ತುಪ್ಪ ಬಿಟ್ಟ ಬಗೆ ಬೇರೆಯೇ ಇತ್ತು, ಹೊರಗಿನಿಂದ ಮನೆಗೆ ಬಂದವರಿಗೆ ಬಿಡುವ ಹಾಗೆ.

ನಿಜಲಿಂಗಪ್ಪ ಮಾತ್ರ ಅಂಗಿ ತೊಟ್ಟು ನಾಕಾಕ್ಕೆ ಹೋದ. ಹೋಗುವ ಮುಂಚೆ ಹಾದೆವ್ವನಿಗೆ ಕೈಮುಗಿದ. ಆ ದಿನ ಅವನಿಗೆ ಇನ್ನೊಂದು ಮಾತಾಡುವುದಿತ್ತು.

ಗುತ್ತಿಗೆದಾರನ ಕಡೆಯಿಂದ ನಾಕಾ ನೋಡಿಕೊಳ್ಳುವವನು ಲೋಕನಾಥ, ಸೋಲಾಪುರದವನು. ಲ್ಯಾಂಬ್ರೆಟಾ ಸ್ಕೂಟರಿನ ಮೇಲೆ ಬರುತ್ತಿದ್ದ, ಮರಾಠಿ ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದ. ಸೇತುವೆಯ ಅಂಚಿನ ಕಠಡೆಗೆ ಒರಗಿ ಕೆಳಗಿನ ದಮ್ಮಸಿನ ಸದ್ದು ಕೇಳುತ್ತಾ ನಿಂತಿದ್ದ ಅವನ ಮುಂದೆ ನಿಜಲಿಂಗಪ್ಪ ಹೋಗಿ ನಿಂತ.

“ಸಾಹೇಬ್ರ, ಕೆಳಗ ಹಾದಿ ರಿಪೇರಿ ನಡದದ. ಮಾಡ್ರಿ ಅಂತ ನಾನ ಹೇಳೀನಿ. ಬ್ಯಾರೆಯವರ ಬಾಯಾಗ ಕೇಳೂದಕ್ಕಿಂತ ನನ್ನ ಬಾಯಾಗ ಕೇಳ್ರಿ.”

ಲೋಕನಾಥ ತಿರುಗಿ ನೋಡಿದ. “ಅರೆ ವಾ! ನಮ್ಮ ಗೂಡಿನ್ಯಾಗ ಕೂತು ಅವರ ಹಾದಿ ಕಟ್ಟಸ್ತೀರಿ. ಛಾನ್ ಆಹೆ, ಭಾಳ ಚಲೋ. ಲಾರಿ ಎಲ್ಲ ಕೆಳಗ ಹೋದ್ರ ನಿಮ್ಮ ಪಗಾರ ಹಾದೆವ್ವ ಕೊಡ್ತಾಳೇನು?”

ನಿಜಲಿಂಗಪ್ಪ ಗೂಡಿನ ಕಡೆ ತಿರುಗಿದ. “ಕೆಳಗಿನ ಹಾದಿ ಕೆಟ್ಟದ ಅಂತ ಮ್ಯಾಲ ಬರೋರು ಬೈಕೋತ ಬರ್ತಾರ್ರಿ. ಗೂಡಿನ್ಯಾಗ ಕೂತು ಆ ಬೈಗಳ ತಿನ್ನೋವ ನಾನು. ನಿಮ್ಮವ್ವ, ನಿಮ್ಮಪ್ಪ ಅಂತ, ಕನ್ನಡದಾಗ ಒಬ್ಬ, ಮರಾಠ್ಯಾಗ ಒಬ್ಬ, ಹಿಂದ್ಯಾಗ ಒಬ್ಬ. ಸೇತುವಿ ಚಲೋ ಅದ, ಲಗೂನ ಮುಟ್ಟತೀವಿ ಅಂತ ಬಂದವರು ಒಂದು ಮಾತನೂ ಅನ್ನೂದಿಲ್ಲ, ಕೊಟ್ಟು ಹೋಗ್ತಾರ. ಅಂಥವರು ಭಾಳ ಅದಾರ, ಮೋಟಾರಿನವರು, ಬಸ್ಸಿನವರು. ಹೊಳಿ ಬಂದ ದಿನ ಹ್ಯಾಂಗೂ ಎಲ್ಲಾರೂ ನಮ್ಮಲ್ಲೇ ಬರ್ತಾರ.”

ಲೋಕನಾಥ ಅವನನ್ನು ಹೊಸದಾಗಿ ನೋಡುವಂತೆ ನೋಡಿದ. ಒಂದು ವರ್ಷದಲ್ಲಿ ಈ ಮನುಷ್ಯ ಇಷ್ಟು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. “ನಿನ್ನಿ ಯಾವ ಭಾಷಾದಾಗ ಬೈದ್ರು?”

“ತೆಲುಗಿನ್ಯಾಗ್ರಿ. ಅರ್ಥ ಆಗಲಿಲ್ಲ. ಆದ್ರ ಉದ್ದ ಇತ್ತು.”

ಲೋಕನಾಥನಿಗೆ ನಗೆ ತಡೆಯಲಾಗಲಿಲ್ಲ. ಕಠಡೆ ಹಿಡಿದು ನಕ್ಕ. “ಹೋಗ್ಲಿ ಬಿಡ್ರಿ. ಮಳಿಗಾಲ ನಮ್ಮದು, ಬ್ಯಾಸಗಿ ಅವರದು. ಮಾಲಕರಿಗೆ ನಾ ಹೇಳ್ತೀನಿ. ನೀವು ಮಾತ್ರ ಪಾವತಿ ಸರಿಯಾಗಿ ಹರೀರಿ. ಮತ್ತ ನಿಮ್ಮಕ್ಕಗ ಹೇಳ್ರಿ, ನನಗ ಎಣ್ಣಿಗಾಯಿ ಖಾರ ಕಡಿಮಿ ಮಾಡಿ ಕೊಡು ಅಂತ.”

ಶ್ರಾವಣದ ಕಡೆಯ ಸೋಮವಾರ ಪುರಾಣ ಮುಗಿಯುವ ಮಂಗಲ. ಹೂರಣದ ಹೋಳಿಗೆಯ ವಾಸನೆ ಹೊಳೆಯ ತನಕ ಹರಡಿತ್ತು. ಲೋಕನಾಥನೂ ಬಂದು ಚಾಪೆಯ ತುದಿಯಲ್ಲಿ ಕೂತಿದ್ದ. ಬರುವಾಗ ಹಾದೆವ್ವನ ಮುಂದೆ ಸ್ಕೂಟರು ನಿಲ್ಲಿಸಿ, ಅತ್ತಿತ್ತ ಹುಡುಕಿ, ಕಲ್ಲು ಸಿಗದೆ ಕೊನೆಗೆ ಸೇತುವೆಯ ಬದಿಯಿಂದ ಒಂದು ತಂದು ಹಾಕಿದ್ದನ್ನು ಸಾಬವ್ವ ಕಂಡು ಎಲ್ಲರಿಗೂ ಹೇಳಿಯಾಗಿತ್ತು. ಇನ್ನು ಮೇಲೆ ಅಮಾವಾಸ್ಯೆಗೊಮ್ಮೆ ಪೂಜೆ ಮಾಡಿ, ರಾಶಿ ಎಷ್ಟಿದ್ದರಷ್ಟು ಹಾದಿಗೆ ಹಂಚುವುದೆಂದು ಗ್ಯಾಂಗಿನವರು ಮಾತಾಡಿಕೊಂಡಿದ್ದರು. ಆದರೂ ಗಾಡಿ ಮತ್ತೆ ಕೆಳಗೆ ಬಿಡಲು ಅಂಬಣ್ಣನ ಮಾಲಕ ಒಪ್ಪುತ್ತಾನೋ ಇಲ್ಲವೋ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹತ್ತು ದಿನದಿಂದ ಅಂಬಣ್ಣನ ಸುದ್ದಿಯಿಲ್ಲ. ಗೌರಾಬಾಯಿ ಹೋಳಿಗೆ ಮಗುಚುತ್ತಾ ನಡುನಡುವೆ ಆಚೆ ದಂಡೆಯ ಕಡೆ ಕಣ್ಣು ಹಾಯಿಸುತ್ತಿದ್ದಳು.

ಸಿದ್ರಾಮಪ್ಪನವರು ಕೊನೆಯ ಪದ್ಯ ಹಾಡುತ್ತಿದ್ದರು. ಆಗ ದೂರದಲ್ಲಿ, ಸೋಲಾಪುರದ ಕಡೆಯಿಂದ, ಹೇರು ತುಂಬಿದ ಲಾರಿಯ ಸದ್ದು ಬಂತು. ಎರಡು ಹಾದಿ ಒಡೆಯುವಲ್ಲಿ ಅದು ನಿಧಾನವಾಯಿತು. ನಿಜಲಿಂಗಪ್ಪ ಕಣ್ಣು ಮುಚ್ಚಿ ಕೂತಿದ್ದ, ಆದರೆ ಅವನ ಒಂದು ಕಿವಿ ಪುರಾಣದಲ್ಲಿ, ಒಂದು ಕಿವಿ ಹಾದಿಯಲ್ಲಿ. ಸದ್ದು ಕೆಳಗೆ ತಿರುಗಿತು. ಇಳುಕಲು ಇಳಿಯಿತು, ಪೂಲು ದಾಟಿತು. ತಗ್ಗಿದ್ದ ಜಾಗಕ್ಕೆ ಬಂತು, ಈಗ ಧಡಲ್ ಅನ್ನಬೇಕು. ಅನ್ನಲಿಲ್ಲ. ಈಚೆ ದಂಡೆಯ ಏರು ಏರುವ ದನಿಯೊಂದೇ, ದೀರ್ಘವಾಗಿ, ಒಡಕಿಲ್ಲದೆ, ತುಂಬಿದ ಹೊಟ್ಟೆಯವನ ದನಿಯ ಹಾಗೆ. ಸ್ವಲ್ಪ ನಿಂತಿತು. ರಾಶಿಯ ಮೇಲೆ ಕಲ್ಲೊಂದು ಬಿದ್ದದ್ದು ಟಪ್ಪೆಂದು ಕೇಳಿಸಿತು.

“ಗೌರವ್ವಾ, ಹೋಳಿಗಿ ಉಳದಾವೋ ಇಲ್ಲೋ?” ಎಂದು ಅಂಬಣ್ಣ ಕತ್ತಲೊಳಗಿಂದಲೇ ಕೂಗಿದ.

“ಪುರಾಣ ನಡದದ, ಬಾಯಿ ಮುಚ್ಚಿ ಬಂದು ಕೂಡೋ ಕತ್ತೀ” ಎಂದು ಗದರಿದ ಗೌರಾಬಾಯಿ, ಇನ್ನೊಂದು ಬಾಳೆ ಎಲೆ ಒರೆಸಿ ಸಾಲಿಗೆ ಸೇರಿಸಿದಳು.

ಸಿದ್ರಾಮಪ್ಪನವರು ಅರ್ಥ ಹೇಳಿ ಮುಗಿಸಿ, ಉಸಿರು ತೆಗೆದುಕೊಂಡು ಎದುರಿಗೆ ನೋಡಿದರು.

“ಹೂಂ” ಎಂದ ನಿಜಲಿಂಗಪ್ಪ.